ಪಕ್ಕದ ಬೆಂಚು ಖಾಲಿ ಮಾಡಿಸಿದ್ದಕ್ಕೆ ವಂದನೆಗಳು

ಆರ್‌ಟಿಇ ನಿಯಮ ತಿದ್ದಿದ ಮಹನೀಯರಿಗೆ,

ಪೂರ್ತಿ ಫೀಸು ಕಟ್ಟುವ ಅಪ್ಪನೊಬ್ಬನ ಸಾಷ್ಟಾಂಗ ನಮಸ್ಕಾರಗಳು.

2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ನಮ್ಮಂಥವರ ನಿದ್ದೆ ಕೆಡಿಸಿತ್ತು. ಖಾಸಗಿ ಶಾಲೆಯ ಒಂದನೇ ತರಗತಿಯಲ್ಲಿ ನೂರಕ್ಕೆ 25 ಸೀಟು ಬಡವರ, ದಲಿತರ ಮಕ್ಕಳಿಗಂತೆ! ಇಸ್ತ್ರಿಯವರ ಮಗಳು ನನ್ನ ಮಗನ ಪಕ್ಕದಲ್ಲೇ ಕೂತು, ಅವನಿಗಿಂತ ಮೊದಲು ಮಗ್ಗಿ ಒಪ್ಪಿಸಿಬಿಟ್ಟರೆ ನಾನು ಡೊನೇಷನ್ ಕೊಟ್ಟದ್ದು ಯಾವ ಸುಖಕ್ಕೆ? 2012ರಲ್ಲಿ ಸುಪ್ರೀಂ ಕೋರ್ಟೂ ಕಾಯ್ದೆಯನ್ನು ಎತ್ತಿಹಿಡಿದಾಗ ಇನ್ನು ದೇವರೇ ಗತಿ ಎಂದುಕೊಂಡೆವು.

ಆಡಳಿತ ಮಂಡಳಿಗಳು ಕೈಕಟ್ಟಿ ಕೂರಲಿಲ್ಲ, ಆ ಋಣ ಮರೆಯುವಂತಿಲ್ಲ. ಅದೇ ವರ್ಷ ಬೆಂಗಳೂರಿನ ಶಾಲೆಯೊಂದರಲ್ಲಿ ಇಂಥ ಮಕ್ಕಳ ಗುರುತು ಸಿಗಲೆಂದು ತಲೆಗೂದಲು ಕತ್ತರಿಸಿದರೆಂಬ ದೂರು ಬಂತು. ನನಗದು ಹಿಡಿಸಲಿಲ್ಲ. ಕೂದಲು ಮತ್ತೆ ಬೆಳೆಯುತ್ತದೆ. ಯೂನಿಫಾರಂ, ಪಿಕ್ನಿಕ್ಕು, ವಾರ್ಷಿಕೋತ್ಸವದ ಡ್ಯಾನ್ಸಿನ ಬಟ್ಟೆ ಅಂತ ಡೈರಿಯಲ್ಲಿ ವಾರವಾರ ಒಂದು ಚೀಟಿ ಕಳಿಸುತ್ತಿದ್ದರೆ ಸಾಕು, ತಾನು ಯಾರೆಂದು ಮಗುವಿಗೆ ಕತ್ತರಿಯಿಲ್ಲದೆಯೇ ತಿಳಿಯುತ್ತದೆ.

ಅಲ್ಪಸಂಖ್ಯಾತರ ಶಾಲೆಗಳಿಗೆ ಕೋರ್ಟು ವಿನಾಯಿತಿ ಕೊಟ್ಟದ್ದೇ ತಡ, ಇನ್ನೊಂದು ಚಮತ್ಕಾರ ನಡೆಯಿತು. ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ದಂಡ ಹಾಕುತ್ತಿದ್ದ ಕೆಲವರಿಗೆ ತಮ್ಮ ಮನೆಮಾತು ತೆಲುಗೋ ತಮಿಳೋ ಎಂಬುದು ಇದ್ದಕ್ಕಿದ್ದಂತೆ ನೆನಪಾಗಿ, ಭಾಷಾ ಅಲ್ಪಸಂಖ್ಯಾತರ ಪ್ರಮಾಣಪತ್ರಕ್ಕೆ ಅರ್ಜಿ ಹಿಡಿದು ಓಡಿದರು. ಮಾತೃಭಾಷಾಭಿಮಾನ ಅಂದರೆ ಅದು.

ಆದರೆ ಕೈಚಳಕ ಅಂದರೆ ನಿಮ್ಮದೇ. 2019ರಲ್ಲಿ ಒಂದೇ ಒಂದು ತಿದ್ದುಪಡಿ: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆ ಸೀಟು ಕೊಡಬೇಕಿಲ್ಲ. ಸರ್ಕಾರಿ ಶಾಲೆಯಿಲ್ಲದ ನೆರೆಹೊರೆಯನ್ನು ಕರ್ನಾಟಕದಲ್ಲಿ ದೀಪ ಹಚ್ಚಿ ಹುಡುಕಬೇಕು! ಲಕ್ಷದ ಲೆಕ್ಕದಲ್ಲಿದ್ದ ಸೀಟುಗಳು ಸಾವಿರಗಳಿಗೆ ಇಳಿದವು. ಹೈಕೋರ್ಟೂ ಒಪ್ಪಿತು. ಸೀಟಿಗೆ ಬರ ಬಂದಿತ್ತೆಂದು ಮಾಡಿದ ಕಾಯ್ದೆಯೇ ಇದು? ಮಕ್ಕಳು ಒಟ್ಟಿಗೆ ಕೂತು ಬೆಳೆಯಲಿ ಅಂತಲ್ಲವೇ ಎಂದು ಕೆಲವರು ಗೊಣಗುತ್ತಾರೆ. ಅವರಿಗೆ, ಈ ಮಕ್ಕಳ ಫೀಸೆಂದು ಸರ್ಕಾರ ಖಾಸಗಿ ಶಾಲೆಗೆ ಕಟ್ಟಿಕೊಡುತ್ತಿದ್ದ ಹಣ ಉಳಿಯಿತು, ಅದರಲ್ಲಿ ಸರ್ಕಾರಿ ಶಾಲೆ ಉದ್ಧಾರವಾಗುತ್ತದೆ ಎಂದುಬಿಡಿ. ಯಾವಾಗ ಎಂದು ಮಾತ್ರ ಬಾಯಿಬಿಡಬೇಡಿ.

ಈಗ ಒಂದು ಸಣ್ಣ ತೊಂದರೆ. ಮಗನ ಶಾಲೆಯಲ್ಲಿ 'ಸಮಾನತೆ' ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಬಡ ಗೆಳೆಯನೊಬ್ಬನ ಜೊತೆ ಕೂತ ಫೋಟೋ ಚಾರ್ಟಿಗೆ ಅಂಟಿಸಬೇಕಂತೆ, ಹತ್ತು ಮಾರ್ಕ್ಸು. ತರಗತಿಯನ್ನೆಲ್ಲ ಜಾಲಾಡಿದರೂ ಅಂಥವನೊಬ್ಬ ಸಿಗಲಿಲ್ಲ. ದಯವಿಟ್ಟು ಶನಿವಾರದೊಳಗೆ ಒಂದು ಮಗುವನ್ನು ಕಳಿಸಿಕೊಡಿ. ಫೋಟೋ ತೆಗೆದ ಕೂಡಲೇ ನಮ್ಮ ಡ್ರೈವರ್ ವಾಪಸ್ ಬಿಟ್ಟುಬರುತ್ತಾನೆ.

ಇಂತಿ ತಮ್ಮ ವಿಶ್ವಾಸಿ,
ರಸೀದಿ ಕೇಳದೆ ಡೊನೇಷನ್ ಕೊಟ್ಟ ಪೋಷಕ