ತೆಂಗಿನಕಾಯಿ ಚೀಲವೂ ಹನ್ನೆರಡಿಂಚಿನ ವೂಫರೂ

ಜೆ.ಸಿ. ರಸ್ತೆಯ ಅಂಗಡಿಯ ಹುಡುಗ ಎರಡು ಸಲ ಕೇಳಿದ್ದ, "ಸಾರ್, ಬಾಕ್ಸ್ ಬೇಡ್ವಾ?" ಎರಡು ಸಲವೂ ಬೇಡವೆಂದು ಗತ್ತಿನಲ್ಲೇ ತಲೆಯಾಡಿಸಿದೆ. ವೂಫರಿಗೆ ಬಾಕ್ಸ್ ಇಟ್ಟರೆ ಡಿಕ್ಕಿ ಅದಕ್ಕೇ ಸರಿ. ತಿಪಟೂರಿನ ಅತ್ತೆಮನೆಯಿಂದ ತಿಂಗಳಿಗೊಂದು ಬರುವ ತೆಂಗಿನಕಾಯಿ ಚೀಲವನ್ನು ಎಲ್ಲಿಡಲಿ? ಐವತ್ತೆರಡರ ವಯಸ್ಸಿಗೆ ಎದೆ ನಡುಗಿಸುವ ಬೇಸ್ ಬೇಕು ಅನ್ನಿಸಿತ್ತು. ಕಾಯಿ ಬಿಡಲೂ ಮನಸ್ಸಿರಲಿಲ್ಲ.

ಹನ್ನೆರಡಿಂಚಿನ ವೂಫರನ್ನು ಡಿಕ್ಕಿಯಲ್ಲಿ ಹಳೇ ಟವೆಲ್ ಹಾಸಿ, ಕೂಸನ್ನು ಮಲಗಿಸುವ ಹಾಗೆ ಅಂಗಾತ ಮಲಗಿಸಿದೆ. ವೈರು ಕೊಟ್ಟು ಹಾಡು ಹಾಕಿದೆ. ಕೋನ್ ಏನೋ ದಬದಬ ಕುಣಿಯುತ್ತಿತ್ತು. ಸದ್ದು ಮಾತ್ರ ಪಕ್ಕದ ಮನೆಯಲ್ಲಿ ಯಾರೋ ಚಾಪೆ ಕೊಡವಿದಷ್ಟು. ವಾಲ್ಯೂಮ್ ಏರಿಸಿದೆ. ಟಕ್, ಟಕ್. "ತಾಳ ಹೇಗಿದೆ?" ಅಂದೆ ಹೆಂಡತಿಗೆ. "ತಾಳ ಇರಲಿ, ಸುಟ್ಟ ವಾಸನೆ ಎಲ್ಲಿಂದ?" ಅಂದಳು.

ಭಾವಮೈದ ತಿಪಟೂರಿನಲ್ಲಿ ಶಾಮಿಯಾನ, ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವನು. ಡಿಕ್ಕಿ ತೆಗೆದು ನೋಡಿದವನು ಸಾವಿನ ಮನೆಗೆ ಬಂದಂತೆ ಒಂದು ಗಳಿಗೆ ಸುಮ್ಮನೆ ನಿಂತ.

"ಭಾವ, ಕೋನ್ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಿನಿಂದ ಎಳ್ಕೊಂತದೆ. ನಡುವೆ ಅಡ್ಡ ಇಲ್ದಿದ್ರೆ ಎರಡೂ ಸೇರಿ ಸೊನ್ನೆ. ಒಬ್ಬ ಬಾವಿಯಿಂದ ಸೇದಿದ್ದನ್ನ ಇನ್ನೊಬ್ಬ ಬಾವಿಗೇ ಸುರಿದಂಗೆ."

40 ಹರ್ಟ್ಜ್‌ನ ಸದ್ದಿನ ಅಲೆ ಸುಮಾರು 8.5 ಮೀಟರ್ ಉದ್ದವಂತೆ, ನನ್ನ ಕಾರಿನ ಹೆಚ್ಚುಕಮ್ಮಿ ಎರಡರಷ್ಟು. ಅಷ್ಟುದ್ದದ್ದು ಒಂದಡಿ ಅಗಲದ ತಟ್ಟೆಯನ್ನು ಸುತ್ತಿ ಬರಲು ತಡವೇ?

"ಮತ್ತೆ ಆ ಟಕ್ ಟಕ್?"

"ಬಾಕ್ಸಿನೊಳಗಿನ ಗಾಳಿ ಸ್ಪ್ರಿಂಗ್ ಥರ ಕೋನನ್ನ ಹಿಡ್ಕೊಂಡಿರ್ತದೆ. ಇಲ್ಲಿ ಹಿಡಿಯೋರೇ ಇಲ್ಲ. ಕಾಯಿಲ್ ಹೋಗಿ ಮ್ಯಾಗ್ನೆಟ್ಟಿನ ತಳಕ್ಕೆ ತಲೆ ಚಚ್ಚಿಕೊಂಡೈತೆ."

ಬಾಕ್ಸ್ ಇಲ್ಲದೆಯೂ ದಾರಿಯುಂಟು ಎಂದ. ಇಡೀ ಡಿಕ್ಕಿಯನ್ನೇ ಬಾಕ್ಸ್ ಮಾಡುವುದು. ಸೆಡಾನ್ ಆಗಿದ್ದಕ್ಕೆ ಬಚಾವು. ಹ್ಯಾಚ್‌ಬ್ಯಾಕಿನಲ್ಲಿ ಡಿಕ್ಕಿಗೂ ಸೀಟಿಗೂ ನಡುವೆ ಗೋಡೆಯೇ ಇರುವುದಿಲ್ಲ. ಆದರೆ ಅದಕ್ಕೆ ಫ್ರೀ ಏರ್ ವೂಫರೇ ಬೇಕು, ಅದರ ಕೋನಿನ ಕಟ್ಟು ಸ್ವಂತ ಬಲದಲ್ಲೇ ಬಿಗಿಯಾಗಿರುತ್ತದೆ. ಮತ್ತೆ ಜೆ.ಸಿ. ರಸ್ತೆಗೆ ಹೋದೆ. ಈ ಸಲ ಹುಡುಗ ಏನೂ ಕೇಳಲಿಲ್ಲ. ನಕ್ಕಿದ್ದರೂ ವಾಸಿಯಿತ್ತು.

ಹಿಂದಿನ ಸೀಟು ಕಳಚಿ, 18 ಮಿ.ಮೀ. ಎಂ.ಡಿ.ಎಫ್. ಹಲಗೆ ಕೊಯ್ದು, ವೂಫರ್ ಕೂರಿಸಿ, ಸಂದುಗೊಂದಿಗೆಲ್ಲ ಫೋಮ್ ತುರುಕಿದೆವು. ನಾಲ್ಕು ಮರದ ಸ್ಕ್ರೂ ಸಾಕೆಂದೆ. "ಜೋರಾಗಿ ಬ್ರೇಕ್ ಹಾಕಿದ್ರೆ ಐದಾರು ಕೆ.ಜಿ. ಕಬ್ಬಿಣ ಅಮ್ಮನ ಬೆನ್ನಿಗೆ ಬರ್ತದೆ" ಎಂದ. ಅಮ್ಮ ಅಂದರೆ ನನ್ನ ಅತ್ತೆ. ಯೋಚಿಸಿದೆ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಎಂಟು ಬೋಲ್ಟ್ ಹಾಕಿದೆವು, ವಾಷರ್ ಸಮೇತ, ಕಾರಿನ ಬಾಡಿಗೇ.

ಫ್ಯೂಸಿನ ವಿಷಯ ಹೇಳಲೇ ನಾಚಿಕೆ. ಬದಲಿಸಲು ಸುಲಭವಾಗಲೆಂದು ಅದನ್ನು ಡಿಕ್ಕಿಯಲ್ಲಿ, ಆಂಪ್ಲಿಫೈಯರ್ ಪಕ್ಕ ಹಾಕಿದ್ದೆ. ಬ್ಯಾಟರಿಯೋ ಬಾನೆಟ್ಟಿನೊಳಗೆ. ನಡುವಿನ ನಾಲ್ಕೈದು ಮೀಟರ್ ವೈರು ಎಲ್ಲಾದರೂ ತಗಡಿಗೆ ಉಜ್ಜಿ ಸಿಪ್ಪೆ ಬಿಟ್ಟರೆ, ಬ್ಯಾಟರಿಯ ಕರೆಂಟೆಲ್ಲ ಅಲ್ಲೇ ಬೆಂಕಿಯಾಗುತ್ತದೆ. ಫ್ಯೂಸಿಗೆ ಸುದ್ದಿಯೇ ಮುಟ್ಟುವುದಿಲ್ಲ. ಊರಬಾಗಿಲು ತೆರೆದಿಟ್ಟು ಹಿತ್ತಲಿಗೆ ಬೀಗ ಹಾಕಿದ ಜಾಣತನ ನನ್ನದು. ಅಷ್ಟು ಹೊತ್ತಿಗೆ ಬಾನೆಟ್ ಹಿಂದಿನ ತಗಡಿನ ತೂತಿನಲ್ಲಿ ವೈರಿನ ಸಿಪ್ಪೆ ಅರ್ಧ ಸವೆದಿತ್ತು. ಭಾವಮೈದ ಅದನ್ನು ತೋರಿಸಿದ, ಏನೂ ಅನ್ನಲಿಲ್ಲ. ಹೊಸ ವೈರು ಎಳೆದು, ತೂತಿಗೆ ರಬ್ಬರ್ ಬುಷ್ ಹಾಕಿ, ಫ್ಯೂಸನ್ನು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ತಂದ. ಆಂಪ್ಲಿಫೈಯರಿನಲ್ಲಿ ತೀರಾ ಕೆಳಗಿನ ಸದ್ದನ್ನು ತಡೆಯುವ ಫಿಲ್ಟರ್ ಒತ್ತಿ, ಗೇನ್ ಅರ್ಧಕ್ಕಿಳಿಸಿ, "ಇದನ್ನ ಮುಟ್ಟಬೇಡಿ ಭಾವ" ಎಂದ.

ಹಾಡು ಹಾಕಿದೆವು. ಹಾ! ಸೀಟಿನೊಳಗಿಂದ ಆನೆ ನಡೆದು ಬಂದ ಹಾಗೆ. ನಂಬರ್ ಪ್ಲೇಟೂ ದನಿಗೂಡಿಸಿತು.

ಗೆದ್ದ ಹುಮ್ಮಸ್ಸಿನಲ್ಲಿ ಕಾಯಿ ಚೀಲವನ್ನು ಡಿಕ್ಕಿಗೆ ಎತ್ತಿ ಹಾಕಿ ತಿಪಟೂರಿನಿಂದ ಬೆಂಗಳೂರಿಗೆ ಹೊರಟೆ. ಗುಬ್ಬಿ ದಾಟಿದ ಮೇಲೊಂದು ಹಂಪ್. ಚೀಲದ ಬಾಯಿ ಬಿಚ್ಚಿ, ಒಂದು ಕಾಯಿ ಉರುಳಿ, ಬೆನ್ನು ಬಿಟ್ಟುಕೊಂಡು ಕೂತಿದ್ದ ವೂಫರಿಗೆ ಢಬ್ಬೆಂದಿತು. ಎದೆ ನಡುಗಿತು, ಆಗ ಹಾಡೂ ಇರಲಿಲ್ಲ.

ಈಗ ಚೀಲ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಬರುತ್ತದೆ. ಅತ್ತೆ ಜೊತೆಗೆ ಬಂದರೆ ಕಾಲಿಡಲು ಜಾಗವಿಲ್ಲವೆಂದು ಗೊಣಗುತ್ತಾರೆ. ಡಿಕ್ಕಿ ಖಾಲಿ.