ಅಳಲೆಕಾಯಿ ಪಂಡಿತರಿಗೆ ಕೆಲವು ಹಿತವಚನ

ಗುಟ್ಟಿನ ಔಷಧಿಗಳ ಶಾಸ್ತ್ರದಲ್ಲಿ ನನಗೆ ಯಾವ ಪದವಿಯೂ ಇಲ್ಲ. ಈ ಶಾಸ್ತ್ರದಲ್ಲಿ ಅದೇ ಮೊದಲ ಅರ್ಹತೆ. ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಓದದೆ ವೈದ್ಯ ಮಾಡುವವನನ್ನು ನಾವು ಅಳಲೆಕಾಯಿ ಪಂಡಿತ ಎಂದು ಆಡಿಕೊಳ್ಳುತ್ತೇವೆ. ಪಾಪ, ಅವನು ಸಂತೆಯ ಮೂಲೆಯಲ್ಲಿ ಗೋಣಿತಾಟು ಹಾಸಿ, ನಾರುಬೇರು ಹರಡಿಕೊಂಡು ಕೂತು, ಸಂಜೆ ಬಸ್ ಚಾರ್ಜಿಗೂ ಗಿಟ್ಟಲಿಲ್ಲ ಎಂದು ಗೊಣಗುತ್ತ ಏಳುತ್ತಾನೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಇದೇ ಗುಣದ ಸರಕು ಇಟ್ಟುಕೊಂಡವರು ಕಾಲೇಜು ಕಟ್ಟಿಸಿದರು. ನಮ್ಮವನು ಎಲ್ಲಿ ಎಡವಿದ ಎಂಬುದೇ ನನ್ನ ಸಂಶೋಧನೆಯ ವಿಷಯ.

ಮೊದಲು ಸರಕು ನೋಡೋಣ. ಥಾಮಸ್ ಹಾಲೊವೇ 1837ರಲ್ಲಿ ಲಂಡನ್ನಿನಲ್ಲಿ ಮುಲಾಮು ಮಾರತೊಡಗಿ, ಸ್ವಲ್ಪ ಕಾಲದಲ್ಲೇ ಮಾತ್ರೆಗೆ ಬಂದ. ಥಾಮಸ್ ಬೀಚಮ್ ಆಕ್ಸ್‌ಫರ್ಡ್‌ಶೈರಿನಲ್ಲಿ ಕುರಿ ಕಾಯುತ್ತಿದ್ದ ಹುಡುಗ. ಮುಂದೆ ಸೇಂಟ್ ಹೆಲೆನ್ಸ್‌ನಲ್ಲಿ ಮಾತ್ರೆಯ ಕಾರ್ಖಾನೆಯನ್ನೇ ಇಟ್ಟ. (ನಮ್ಮ ಬೀಚಿಗೂ ಇವನಿಗೂ ಸಂಬಂಧವಿಲ್ಲ. ಬೀಚಿ ಕೊಟ್ಟಿದ್ದು ನಗೆ, ಇವನು ಕೊಟ್ಟಿದ್ದು ಭೇದಿ.) ಇಬ್ಬರೂ ಒಬ್ಬರಿಗೊಬ್ಬರು ಪ್ರತಿಸ್ಪರ್ಧಿಗಳು. ಇಬ್ಬರ ಮಾತ್ರೆಯೂ ಪರಮ ರಹಸ್ಯ. ರಸಾಯನಶಾಸ್ತ್ರಜ್ಞರು ಒಡೆದು ನೋಡಿದಾಗ ಎರಡರಲ್ಲೂ ಸಿಕ್ಕಿದ್ದು ಮುಖ್ಯವಾಗಿ ಮೂರೇ: ಲೋಳೆಸರದ ರಸ ಬತ್ತಿಸಿದ ಕರಿಬೋಳ, ಶುಂಠಿ, ಸಾಬೂನು.

ನಗಬೇಡಿ, ಮಾತ್ರೆ ಕೆಲಸ ಮಾಡುತ್ತಿತ್ತು. ರಾತ್ರಿ ನುಂಗಿದರೆ ಬೆಳಿಗ್ಗೆ ಐದಕ್ಕೆ ಕೆಲಸ ಮಾಡುತ್ತಿತ್ತು. ರೊಟ್ಟಿ, ಆಲೂಗಡ್ಡೆ, ಚಹಾ ಇಷ್ಟರಲ್ಲೇ ಬದುಕುತ್ತಿದ್ದ ಗಿರಣಿ ಕೂಲಿಯವನಿಗೆ ವಾರದ ಮೇಲೆ ಹೊಟ್ಟೆ ಹಗುರಾದರೆ, ಜಗತ್ತಿನಲ್ಲಿ ದೇವರಿದ್ದಾನೆ ಅನ್ನಿಸುತ್ತದೆ. ಕೀಲುನೋವೂ ಕಡಿಮೆಯಾದ ಹಾಗೆ ಅನ್ನಿಸುತ್ತದೆ. ಡಾಕ್ಟರ ಫೀಸು ಅವನ ಕೈಗೆ ಎಟುಕುವಂಥದ್ದಲ್ಲ. ಇನ್ನು ನೆಗಡಿ, ಸಾಧಾರಣ ಜ್ವರ, ಬೇಸರ ಇವೆಲ್ಲ ಹೇಗೂ ತಾವಾಗಿಯೇ ಹೋಗುತ್ತವೆ. ಹೋಗುವ ಹೊತ್ತಿಗೆ ಮಾತ್ರೆ ಬಾಯಲ್ಲಿದ್ದರೆ ಆಯಿತು, ಕೀರ್ತಿ ಮಾತ್ರೆಗೆ.

ಈಗ ಲೆಕ್ಕ. ಬ್ರಿಟಿಷ್ ವೈದ್ಯಕೀಯ ಸಂಘ 1909ರಲ್ಲಿ ಈ ಗುಟ್ಟುಗಳನ್ನೆಲ್ಲ ರಟ್ಟು ಮಾಡಿ ಒಂದು ಪುಸ್ತಕ ತಂದಿತು. ಅದರ ಪ್ರಕಾರ ಬೀಚಮ್ಮನ 56 ಮಾತ್ರೆಗಳಿಗೆ ಬಿದ್ದ ಸಾಮಗ್ರಿಯ ಖರ್ಚು ಸುಮಾರು ಅರ್ಧ ಫಾರ್ದಿಂಗ್, ಅಂದರೆ ಒಂದು ಪೆನ್ನಿಯ ಎಂಟನೇ ಒಂದು ಪಾಲು. ಡಬ್ಬಿಯ ಬೆಲೆ ಒಂದು ಶಿಲಿಂಗ್ ಒಂದೂವರೆ ಪೆನ್ಸ್, ಅಂದರೆ ಹದಿಮೂರೂವರೆ ಪೆನ್ಸ್. ಭಾಗಿಸಿ ನೋಡಿದೆ. ಸರಿಯಾಗಿ 108 ಪಟ್ಟು. ಅಷ್ಟೋತ್ತರ ಶತ! ಲಾಭವೂ ಶಾಸ್ತ್ರೋಕ್ತವಾಗಿಯೇ ಬಂದಿದೆ. ಆದರೂ ಗಿರಾಕಿಗೆ ಮೋಸವಾಯಿತು ಅನ್ನುವ ಹಾಗಿಲ್ಲ. ಡಬ್ಬಿಯ ಯೋಗ್ಯತೆ ಒಂದು ಗಿನಿ ಎಂದು ಬೀಚಮ್ ಊರೆಲ್ಲ ಗೋಡೆಯ ಮೇಲೆ ಸಾರಿದ್ದ. ಗಿನಿ ಎಂದರೆ ಇಪ್ಪತ್ತೊಂದು ಶಿಲಿಂಗ್. ಕೊಂಡವನಿಗೆ ಪ್ರತಿ ಡಬ್ಬಿಗೂ ಹತ್ತೊಂಬತ್ತು ಶಿಲಿಂಗಿನ ಮೇಲೆ ಉಳಿತಾಯ.

ಆ ಬೆಲೆಯ ಬಾಲದಲ್ಲಿರುವ ಒಂದೂವರೆ ಪೆನ್ಸ್ ಇದೆಯಲ್ಲ, ಅಲ್ಲಿದೆ ಜಾಣತನ. ಅದು ಸರ್ಕಾರದ ತೆರಿಗೆ. ತೆರಿಗೆ ಕಟ್ಟಿದ ಗುರುತಿಗೆ ಪ್ರತಿ ಡಬ್ಬಿಯ ಮೇಲೂ ಸರ್ಕಾರದ ಮುದ್ರೆಯ ಚೀಟಿ ಅಂಟಿಸಬೇಕಿತ್ತು. ಕೊಳ್ಳುವವನು ಏನು ತಿಳಿಯಬೇಕು? ದೊರೆಗಳೇ ನೋಡಿ, ಮೂಸಿ, ಒಪ್ಪಿ ಮುದ್ರೆ ಹಾಕಿದ್ದಾರೆ ಎಂದೇ ತಿಳಿದ. ಮುಂದೆ ಸರ್ಕಾರಕ್ಕೆ ನಾಚಿಕೆಯಾಗಿ, ಈ ಮುದ್ರೆ ಇದ್ದ ಮಾತ್ರಕ್ಕೆ ಔಷಧಿಯ ಗುಣಕ್ಕೆ ನಾವು ಹೊಣೆಯಲ್ಲ ಎಂದು ಚೀಟಿಯ ಮೇಲೆಯೇ ಅಚ್ಚು ಹಾಕಿಸಿತು. ಓದು ಬಾರದವನಿಗೆ ಅದೂ ಮುದ್ರೆಯ ಅಲಂಕಾರದಂತೆಯೇ ಕಂಡಿರಬೇಕು. ‘ಪೇಟೆಂಟ್ ಔಷಧಿ’ ಎಂಬ ಹೆಸರೂ ಇಂಥದ್ದೇ. ಪೇಟೆಂಟ್ ಬೇಕಾದರೆ ಒಳಗೆ ಏನಿದೆ ಎಂದು ಬರೆದುಕೊಡಬೇಕು. ಬರೆದುಕೊಟ್ಟರೆ ಸಾಬೂನು ಹೊರಗೆ ಬೀಳುತ್ತದೆ. ಹಾಗಾಗಿ ಬಹುಪಾಲು ಪೇಟೆಂಟ್ ಔಷಧಿಗಳಿಗೆ ಪೇಟೆಂಟೇ ಇರಲಿಲ್ಲ.

ಸಂಸ್ಥೆಗೆ ಹೆಸರಿಡುವ ವಿದ್ಯೆಯನ್ನು ಜೇಮ್ಸ್ ಮಾರಿಸನ್ನನಿಂದ ಕಲಿಯಬೇಕು. ಅವನು 1828ರಲ್ಲಿ ಲಂಡನ್ನಿನಲ್ಲಿ ‘ಬ್ರಿಟಿಷ್ ಕಾಲೇಜ್ ಆಫ್ ಹೆಲ್ತ್’ ತೆರೆದ. ಅದು ಬಂದವರಿಗೆ ಮಾತ್ರೆ ಮಾರುವ ಕಾಲೇಜು. ಅವನ ಸಿದ್ಧಾಂತ ಸರಳ: ಎಲ್ಲ ರೋಗಕ್ಕೂ ಕೆಟ್ಟ ರಕ್ತವೇ ಮೂಲ, ಎಲ್ಲಕ್ಕೂ ಭೇದಿಯೇ ಮದ್ದು. ಗುಣವಾಗದಿದ್ದರೆ ಸಿದ್ಧಾಂತದ ತಪ್ಪಲ್ಲ, ನುಂಗಿದ ಮಾತ್ರೆ ಸಾಲದು. ವಿಕ್ಟೋರಿಯಾ ಪಟ್ಟಕ್ಕೆ ಬರುವ ಹಿಂದಿನ ವರ್ಷ, 1836ರಲ್ಲಿ, ಹೀಗೆ ಸಾಲದೆಂದು ಇನ್ನಷ್ಟು ಕೊಟ್ಟ ಅವನ ಏಜೆಂಟನೊಬ್ಬ ಗಿರಾಕಿಯ ಸಾವಿಗೆ ಹೊಣೆಯೆಂದು ತೀರ್ಪಾಗಿ ದಂಡ ತೆತ್ತ. ವ್ಯಾಪಾರ ಮುಂದುವರಿಯಿತು. ಸತ್ತವರು ಎಂದೂ ಪ್ರಶಂಸಾಪತ್ರದ ವಿರುದ್ಧ ಪತ್ರ ಬರೆಯುವುದಿಲ್ಲ, ಇದು ಈ ಉದ್ಯಮದ ದೊಡ್ಡ ಅನುಕೂಲ.

ಬದುಕಿರುವವರು ಬರೆಯುತ್ತಾರೆ. ಅದರಲ್ಲೂ ದೊಡ್ಡಮನುಷ್ಯರು ಬರೆದರೆ ಚೆನ್ನ. ಆಲ್ಡ್‌ಬರೋದ ಅರ್ಲ್ ಎಂಬ ಸಾಹೇಬರು 1845ರಲ್ಲಿ ಇಟಲಿಯಿಂದ ಹಾಲೊವೇಗೆ ಕಾಗದ ಬರೆದು, ಈ ಮಾತ್ರೆಯಿಂದ ತಮ್ಮ ಪಿತ್ತಜನಕಾಂಗವೂ ಹೊಟ್ಟೆಯೂ ನೆಟ್ಟಗಾದವೆಂದು ತಿಳಿಸಿದರು. ಆ ಒಂದು ಕಾಗದವನ್ನು ಹಾಲೊವೇ ಮತ್ತೆ ಮತ್ತೆ ಅಚ್ಚು ಹಾಕಿಸಿದ. ಅರ್ಲ್‌ನ ಹೊಟ್ಟೆಯ ಸಮಾಚಾರ ಭೂಮಂಡಲಕ್ಕೆಲ್ಲ ಗೊತ್ತಾಯಿತು.

ಕೋರ್ಟಿನ ತೀರ್ಪು ಸಿಕ್ಕರಂತೂ ಚಿನ್ನ. ಜಾನ್ ಕಾಲಿಸ್ ಬ್ರೌನ್ ಎಂಬ ಸೇನೆಯ ಡಾಕ್ಟರು 1848ರಲ್ಲಿ ನಮ್ಮ ದೇಶದಲ್ಲಿದ್ದಾಗ ಕಾಲರಾಕ್ಕೆಂದು ‘ಕ್ಲೋರೋಡೈನ್’ ತಯಾರಿಸಿದರು. ಅಫೀಮು, ಗಾಂಜಾ, ಕ್ಲೋರೋಫಾರಂ ಮೂರೂ ಸೇರಿದ ದ್ರವ. ಕುಡಿದವನು ದೂರು ಕೊಡುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಫ್ರೀಮನ್ ಎಂಬ ಇನ್ನೊಬ್ಬ, ಕ್ಲೋರೋಡೈನ್ ಕಂಡುಹಿಡಿದವನು ನಾನೇ ಎಂದ. 1864ರಲ್ಲಿ ನ್ಯಾಯಾಧೀಶರು ಬ್ರೌನರೇ ಕರ್ತೃ, ಇನ್ನೊಬ್ಬನ ಕಥೆ ಬೇಕೆಂದೇ ಹೇಳಿದ ಸುಳ್ಳು ಎಂದರು. ಔಷಧಿ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆ ಅಲ್ಲಿ ಬರಲೇ ಇಲ್ಲ. ಆದರೂ ನ್ಯಾಯಾಧೀಶರ ಆ ಮಾತು ವರ್ಷಗಟ್ಟಲೆ ಕ್ಲೋರೋಡೈನ್ ಜಾಹೀರಾತಿನ ನೆತ್ತಿಯ ಮೇಲೆ ಕೂತಿತ್ತು.

ಇಷ್ಟಾದ ಮೇಲೂ ಗಿರಾಕಿಯ ಮುಖ ನೋಡುವುದೊಂದು ತೊಂದರೆ. ಅದನ್ನು ಪರಿಹರಿಸಿದವರು ಮೆಲ್ಬರ್ನಿನ ಡಾಕ್ಟರ್ ಲೂಯಿ ಲಾರೆನ್ಸ್ ಸ್ಮಿತ್. ಅವರು ಓದಿದ ಡಾಕ್ಟರೇ. ಈ ದೋಷವನ್ನು ಜಾಹೀರಾತಿನಿಂದ ಮುಚ್ಚಿಕೊಂಡರು. 1852ರಲ್ಲಿ, ವಿಕ್ಟೋರಿಯಾ ವಸಾಹತಿನಲ್ಲಿ ಚಿನ್ನ ಸಿಕ್ಕ ಗದ್ದಲದ ನಡುವೆ ಹಡಗಿನಿಂದ ಇಳಿದರು. ಬಲ್ಲಾರಟ್ಟಿನ ಚಿನ್ನದ ಗುಂಡಿಯಲ್ಲಿ ಮಣ್ಣು ತೋಡುವವನಿಗೆ ಹೇಳಿಕೊಳ್ಳಲು ನಾಚಿಕೆಯಾಗುವ ಕಾಯಿಲೆ ಇದ್ದರೆ ಏನು ಮಾಡಬೇಕು? ಒಂದು ಪೌಂಡ್ ಇಟ್ಟು ಕಾಗದ ಬರೆದರೆ ಸಾಕು. ರೋಗನಿರ್ಣಯ ಅಂಚೆಯಲ್ಲೇ ಬರುತ್ತದೆ. ನಾಡಿ ಹಿಡಿಯುವ ಗೋಜಿಲ್ಲ. ಜಾಹೀರಾತು ಕೊಡುವುದು ವೈದ್ಯರ ಘನತೆಗೆ ಕುಂದು ಎಂದು ಊರಿನ ಇತರ ಡಾಕ್ಟರುಗಳು ಮುಖ ತಿರುಗಿಸಿದರು. ಮತದಾರರು ಸ್ಮಿತ್ ಅವರನ್ನು ಶಾಸನಸಭೆಗೆ ಕಳಿಸಿದರು.

ನಮ್ಮ ಬಸ್‌ಸ್ಟ್ಯಾಂಡಿನ ಶೌಚಾಲಯದ ಗೋಡೆಯಲ್ಲಿ ಇವರ ಪರಂಪರೆ ಇನ್ನೂ ಹಸಿರಾಗಿದೆ. ನರದೌರ್ಬಲ್ಯ, ಗುಪ್ತರೋಗ, ಪ್ರತಿ ತಿಂಗಳು ಎರಡನೇ ಮಂಗಳವಾರ ಇಂಥ ಲಾಡ್ಜಿನ ಇಂಥ ರೂಮಿನಲ್ಲಿ ಭೇಟಿ. ಬುಧವಾರ ಹೋದರೆ ರೂಮಿನಲ್ಲಿ ಯಾರೋ ಬೀಜದ ಕಂಪನಿಯವರು ಇರುತ್ತಾರೆ.

ಮತ್ತೆ ಹಾಲೊವೇ. ಈತ ಮೊದಮೊದಲು ಸಾಲ ತೀರಿಸಲಾಗದೆ ಸೆರೆಮನೆ ಕಂಡವನು. ಹೊರಬಂದವನು ಮಾಡಿದ್ದು ಒಂದೇ ಕೆಲಸ, ಇನ್ನಷ್ಟು ಜಾಹೀರಾತು. 1842ರಲ್ಲಿ ಅದಕ್ಕೆ ವರ್ಷಕ್ಕೆ 5,000 ಪೌಂಡ್ ಸುರಿಯುತ್ತಿದ್ದ. 1883ರಲ್ಲಿ ಸಾಯುವ ಹೊತ್ತಿಗೆ 50,000. ಅವನ ರೋಗಗಳ ಪಟ್ಟಿ ಜ್ವರ, ಉಬ್ಬಸ, ಕಾಮಾಲೆ, ಜಂತುಹುಳು ಎಲ್ಲ ದಾಟಿ ‘ಯಾವುದೇ ಕಾರಣದಿಂದ ಬಂದ ನಿಶ್ಶಕ್ತಿ’ಯವರೆಗೆ ಹೋಗಿ ನಿಲ್ಲುತ್ತಿತ್ತು. ಬಿಟ್ಟುಹೋದವರು ಯಾರೂ ಇಲ್ಲ. ಲಂಡನ್ನಿನ ಹತ್ತಿರ ಎಗಮ್‌ನಲ್ಲಿ ಹೆಣ್ಣುಮಕ್ಕಳಿಗೆಂದು ಅವನು ಕಟ್ಟಿಸಿದ ಕಾಲೇಜನ್ನು 1886ರಲ್ಲಿ ರಾಣಿಯೇ ಬಂದು ತೆರೆದಳು. ಅದಕ್ಕೆಂದು ಕೊಂಡ ಚಿತ್ರಗಳಲ್ಲಿ ಒಂದಕ್ಕೇ 6,300 ಗಿನಿ. ಅಷ್ಟು ಗಿನಿ ಹುಟ್ಟಬೇಕಾದರೆ ಎಷ್ಟು ಜನ ಬೆಳಿಗ್ಗೆ ಐದಕ್ಕೆ ಎದ್ದಿರಬೇಕು ಎಂದು ಲೆಕ್ಕ ಹಾಕಲು ಕೂತು, ಕೈಬಿಟ್ಟೆ.

ಈ ಸಂಶೋಧನೆಯನ್ನೆಲ್ಲ ಹೊತ್ತುಕೊಂಡು ಹೋದ ವಾರ ನಮ್ಮೂರ ಸಂತೆಗೆ ಹೋಗಿ, ಗೋಣಿತಾಟಿನ ಮೇಲೆ ಕೂತಿದ್ದ ಪಂಡಿತರ ಮುಂದೆ ಕುಕ್ಕರಗಾಲಲ್ಲಿ ಕೂತೆ. ಅರ್ಧ ಗಂಟೆ ಬೋಧಿಸಿದೆ. ಮುದ್ರೆ, ಅರ್ಲ್, ಅಂಚೆ, 108 ಪಟ್ಟು ಎಲ್ಲ ಹೇಳಿದೆ. ಬೀಡಿ ಆರಿದ್ದೂ ಗೊತ್ತಾಗದೆ ಕೇಳಿದರು.

“ಎಲ್ಲಾ ಸರಿ ಸ್ವಾಮಿ, ಸಾಬೂನು ಯಾಕೆ ಹಾಕ್ತಿದ್ರು?”

ಮಾತ್ರೆ ಗಟ್ಟಿಯಾಗಿ ಉಂಡೆ ಕಟ್ಟಲಿ ಅಂತ ಎಂದೆ. ತಲೆ ಅಲ್ಲಾಡಿಸಿದರು.

“ನಮಗಾಗಲ್ಲ ಬುಡಿ. ತಿಂದೋರು ಮುಂದಿನ ವಾರನೂ ಇದೇ ಸಂತೆಗೆ ಬತ್ತಾರೆ.”

ದಡ್ಡತನಕ್ಕೆ ಏನು ಹೇಳುವುದು! ಎದ್ದು ಬರುವಾಗ ಸುಮ್ಮನೆ ಬರಬಾರದೆಂದು ಹತ್ತು ರೂಪಾಯಿಗೆ ಒಂದು ಪೊಟ್ಟಣ ಅಳಲೆಕಾಯಿ ಪುಡಿ ತಂದೆ. ಮೇಲೆ ಮುದ್ರೆ ಇಲ್ಲ, ಹೆಸರಿಲ್ಲ. ಯಾವುದೋ ಹುಡುಗನ ಗಣಿತದ ನೋಟ್‌ಬುಕ್ಕಿನ ಹಾಳೆ, ಅದರಲ್ಲಿ ಒಂದು ಭಾಗಾಕಾರ, ತಪ್ಪು. ರಾತ್ರಿ ಬಿಸಿನೀರಲ್ಲಿ ಕದಡಿ ಕುಡಿದು ಮಲಗಿದೆ. ಐದಕ್ಕೆ ಹತ್ತು ನಿಮಿಷ ಮುಂಚೆಯೇ ಎಚ್ಚರವಾಯಿತು.