ಹೆಣ ಎಣಿಸುವ ಮೊದಲೇ ಕಾರಣ ಹೇಳುವ ಮಹನೀಯರಿಗೆ

ಮಹನೀಯರೇ,

ಅಮೆರಿಕದ ಯಾವುದೋ ಊರಲ್ಲಿ ಗುಂಡಿನ ದಾಳಿ ನಡೆದಿದೆ ಎಂಬ ಸುದ್ದಿ ಬಂದ ಕೂಡಲೇ ಟಿವಿ ಸ್ಟುಡಿಯೋದಲ್ಲಿ, ಫೇಸ್‌ಬುಕ್‌ನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತಾವು ಹಾಜರಿರುತ್ತೀರಿ. ಕೊಂದವನು ಯಾವ ಧರ್ಮದವನು, ಯಾವ ಪಕ್ಷದವನು, ಯಾಕೆ ಕೊಂದ, ಎಲ್ಲವೂ ಅರ್ಧ ಗಂಟೆಯೊಳಗೆ ತಮಗೆ ತಿಳಿದಿರುತ್ತದೆ. ಪೊಲೀಸರಿಗೆ ಅದಕ್ಕೆ ತಿಂಗಳುಗಟ್ಟಲೆ ಬೇಕು. ತಮ್ಮ ಅಮೂಲ್ಯ ಸಮಯದಲ್ಲಿ ಹತ್ತು ನಿಮಿಷ ಈ ಪತ್ರಕ್ಕೆ ಕೊಡಬೇಕೆಂದು ವಿನಂತಿ.

2012ರ ಡಿಸೆಂಬರ್ 14. ಕನೆಕ್ಟಿಕಟ್ ರಾಜ್ಯದ ನ್ಯೂಟೌನ್‌ನಲ್ಲಿ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯ 20 ಮಕ್ಕಳು, 6 ಮಂದಿ ಸಿಬ್ಬಂದಿ ಗುಂಡಿಗೆ ಬಲಿಯಾದರು. ಆ ಮಕ್ಕಳೆಲ್ಲ ಆರೇಳು ವರ್ಷದವರು. ಶಾಲೆಯ ಹತ್ತಿರದ ಅಗ್ನಿಶಾಮಕ ಠಾಣೆಗೆ ಅಪ್ಪ ಅಮ್ಮಂದಿರು ಓಡೋಡಿ ಬಂದರು. ಮಗು ಸಿಕ್ಕವರು ಅದನ್ನು ಅವಚಿಕೊಂಡು ಮನೆಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಉಳಿದವರು ಮಗು ಬಾರದವರು ಮಾತ್ರ. ಇನ್ನು ಯಾರೂ ಬರುವುದಿಲ್ಲ ಎಂದು ಕೊನೆಗೆ ರಾಜ್ಯದ ಗವರ್ನರೇ ಅವರಿಗೆ ಹೇಳಬೇಕಾಯಿತು. ಅದೇ ದಿನ ತಾವು ಬಹಳ ಮುತುವರ್ಜಿಯಿಂದ ಕೊಲೆಗಾರನ ಹೆಸರು, ಫೋಟೋ ಹಂಚುತ್ತಿದ್ದಿರಿ. ಆ ಹೆಸರು ಅವನ ಅಣ್ಣನದು. ಬೇರೆ ರಾಜ್ಯದಲ್ಲಿ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿದ್ದ ಅವನು, ತಾಯಿಯನ್ನೂ ತಮ್ಮನನ್ನೂ ಕಳೆದುಕೊಂಡ ದಿನವೇ, ಕೊಂದವನು ತಾನಲ್ಲ ಎಂದು ಲೋಕಕ್ಕೆ ಹೇಳಿಕೊಳ್ಳಬೇಕಾಯಿತು. ಕೊಲೆಗಾರನ ತಾಯಿ ಆ ಶಾಲೆಯ ಟೀಚರ್ ಎಂದೂ ತಾವು ತಿಳಿಸಿದಿರಿ. ಆಕೆ ಅಲ್ಲಿ ಕೆಲಸದಲ್ಲೇ ಇರಲಿಲ್ಲ.

ತಮ್ಮ ಬಳಗದ ಕೆಲವರ ಸೇವೆ ಅಲ್ಲಿಗೂ ಮುಗಿಯಲಿಲ್ಲ. ಆ ಘಟನೆಯೇ ಬರೀ ನಾಟಕ, ಅಳುತ್ತಿರುವವರು ನಟರು ಎಂದು ಅಮೆರಿಕದ ರೇಡಿಯೋ ನಿರೂಪಕ ಅಲೆಕ್ಸ್ ಜೋನ್ಸ್ ವರ್ಷಗಟ್ಟಲೆ ಸಾರಿದರು. ಕೇಳಿದವರು ನಂಬಿದರು. ಮಗುವನ್ನು ಮಣ್ಣು ಮಾಡಿ ಬಂದವರಿಗೆ ಬೆದರಿಕೆಗಳು ಬಂದವು. ಕೆಲವರು ಮನೆಯನ್ನೇ ಬದಲಾಯಿಸಿದರು. 2022ರಲ್ಲಿ ಕನೆಕ್ಟಿಕಟ್‌ನ ಜ್ಯೂರಿ, ಜೋನ್ಸ್ ನೊಂದವರಿಗೆ 96.5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ಆ ಹತ್ತು ವರ್ಷಗಳ ಹಿಂಸೆಗೆ ಬೆಲೆ ಕಟ್ಟಲು ನನಗಂತೂ ಬಾರದು.

ಕೊಲಂಬೈನ್ ವಿಷಯದಲ್ಲೂ ತಮ್ಮ ಉಪಕಾರ ದೊಡ್ಡದು. 1999ರ ಏಪ್ರಿಲ್ 20ರಂದು ಕೊಲರಾಡೋದ ಆ ಹೈಸ್ಕೂಲಿನಲ್ಲಿ 12 ವಿದ್ಯಾರ್ಥಿಗಳು, ಒಬ್ಬ ಶಿಕ್ಷಕರು ಸತ್ತಾಗ, ಕಪ್ಪು ಕೋಟು ತೊಟ್ಟ ಒಂದು ಗುಂಪು, ಒಬ್ಬ ರಾಕ್ ಹಾಡುಗಾರ, ಒಂದು ವಿಡಿಯೋ ಗೇಮ್ ಎಂದು ತಾವು ಅಪರಾಧಿಗಳನ್ನು ಸಾಲಾಗಿ ನಿಲ್ಲಿಸಿದಿರಿ. ಅವಮಾನ ತಾಳಲಾರದ ಹುಡುಗರು ಸಿಡಿದೆದ್ದರು ಎಂಬ ಕಥೆಯನ್ನೂ ಕೊಟ್ಟಿರಿ. ನಿಜದಲ್ಲಿ ಕೊಂದ ಆ ಇಬ್ಬರು ಹುಡುಗರು ತಿಂಗಳುಗಟ್ಟಲೆ ಸಂಚು ಮಾಡಿ, ಊಟದ ಹೊತ್ತಿಗೆ ಸಿಡಿಯುವಂತೆ ಕ್ಯಾಂಟೀನಿನಲ್ಲಿ ಬಾಂಬ್ ಇಟ್ಟಿದ್ದರು. ಅವು ಸಿಡಿಯದೆ ಹೋದದ್ದರಿಂದ ನೂರಾರು ಜೀವ ಉಳಿದವು. ಆದರೆ ತಾವು ಕಟ್ಟಿದ ಸೇಡಿನ ಕಥೆಯೇ ಊರೂರು ತಿರುಗಿತು. ಕೊಲಂಬೈನ್ ಹಂತಕರನ್ನು ಆದರ್ಶವಾಗಿಟ್ಟುಕೊಂಡು ಬಂದೂಕು ಹಿಡಿದ ಎಷ್ಟೋ ಹುಡುಗರು ಆಮೇಲೆ ಬಂದರು. ಅದರಲ್ಲಿ ಆ ಕಥೆಯ ಪಾಲೂ ಇದೆ ಎಂದೇ ನಾನು ನಂಬಿದ್ದೇನೆ.

ಇನ್ನು ಟೆಕ್ಸಸ್‌ನ ಯುವಾಲ್ಡಿ. 2022ರ ಮೇ 24ರಂದು ರಾಬ್ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಸಂಜೆಯೊಳಗೆ ತಾವು ಕೊಲೆಗಾರನ ಫೋಟೋ ಎಂದು ಹಂಚಿದ್ದು ಸಂಬಂಧವೇ ಇಲ್ಲದ ಟ್ರಾನ್ಸ್‌ಜೆಂಡರ್ ಯುವತಿಯೊಬ್ಬಳದನ್ನು. ಆ ಫೋಟೋದ ವಾಗ್ವಾದದಲ್ಲಿ ತಾವು ಮುಳುಗಿದ್ದಾಗ, ಕೇಳಬೇಕಾದ ಪ್ರಶ್ನೆ ಆ ಶಾಲೆಯ ಕಾರಿಡಾರಿನಲ್ಲೇ ಇತ್ತು. ತರಗತಿಯೊಳಗಿಂದ ಮಕ್ಕಳು ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ, ಪೊಲೀಸರನ್ನು ಕಳಿಸಿ ಎಂದು ಬೇಡುತ್ತಿದ್ದರು. ಪೊಲೀಸರು ಹೊರಗೇ ನಿಂತಿದ್ದರು. ಅವರು ಒಳನುಗ್ಗಿ ಹಂತಕನನ್ನು ಕೊಲ್ಲುವ ಹೊತ್ತಿಗೆ 77 ನಿಮಿಷ ಕಳೆದಿತ್ತು. ಆ ದಿನ ಅಲ್ಲಿಗೆ ಬಂದಿದ್ದ ಪೊಲೀಸರು 376 ಮಂದಿ ಎಂದು ಜುಲೈನಲ್ಲಿ ಟೆಕ್ಸಸ್ ಶಾಸನಸಭೆಯ ಸಮಿತಿ ಹೇಳಿತು. ಉತ್ತರ ಕೊಡಿ ಎಂದು ಪಟ್ಟು ಹಿಡಿದು ಸಭೆ ಸಭೆಗೂ ಹೋಗಿ ಕೂಗಿದವರು ಸತ್ತ ಮಕ್ಕಳ ತಂದೆತಾಯಂದಿರು. ತಮ್ಮನ್ನು ಅಲ್ಲಿ ಯಾರೂ ಕಾಣಲಿಲ್ಲ, ಸ್ವಾಮಿ. ಅಷ್ಟರಲ್ಲಿ ತಮಗೆ ಬೇರೆ ಸುದ್ದಿ ಸಿಕ್ಕಿತ್ತು.

2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಗುಂಡಿಗೆ ಬಲಿಯಾದ 32 ಮಂದಿಯಲ್ಲಿ ತಮಿಳುನಾಡಿನಿಂದ ಹೋಗಿ ಅಲ್ಲಿ ಜಲವಿಜ್ಞಾನ ಕಲಿಸುತ್ತಿದ್ದ ಪ್ರೊಫೆಸರ್ ಜಿ.ವಿ. ಲೋಗನಾಥನ್ ಇದ್ದರು. ಪಾಠ ಮಾಡುತ್ತಿದ್ದಾಗಲೇ ಗುಂಡು ತಗುಲಿತು. ಕೊಂದವನ ಹೆಸರು, ಮುಖ, ವಿಡಿಯೋ ತಮ್ಮ ಕೃಪೆಯಿಂದ ಜಗತ್ತಿಗೆಲ್ಲ ಪರಿಚಯ. ಈ ಮೇಷ್ಟರ ಹೆಸರನ್ನು ತಾವು ಒಮ್ಮೆಯಾದರೂ ಹೇಳಿದ್ದೀರಾ?

ನಮ್ಮ ಊರುಗಳಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದವರ ಮಕ್ಕಳೂ ಇಂದು, ಗುಂಡಿನ ದಾಳಿಯಾದರೆ ಎಂದು, ತರಗತಿಯ ಬಾಗಿಲು ಹಾಕಿ, ದೀಪ ಆರಿಸಿ, ಉಸಿರೆತ್ತದೆ ಮೂಲೆಯಲ್ಲಿ ಕೂರುವುದನ್ನು ಕಲಿಯುತ್ತಿದ್ದಾರೆ. ಅವರ ಮುಖ ನೋಡಿ ಕೈಮುಗಿದು ಕೇಳುತ್ತೇನೆ. ಪೊಲೀಸರು ಖಚಿತಪಡಿಸುವವರೆಗೆ ಯಾರ ಹೆಸರನ್ನೂ, ಯಾರ ಫೋಟೋವನ್ನೂ ಹಂಚಬೇಡಿ. ಮನೆಯವರಿಗೆ ಸುದ್ದಿ ಮುಟ್ಟುವ ಮೊದಲು ಕಾರಣ ಹೇಳಬೇಡಿ. ತನಿಖಾ ವರದಿ ಬಂದ ದಿನ ತಪ್ಪದೆ ಬನ್ನಿ, ಅದನ್ನು ಪೂರ್ತಿ ಓದಿ, ಆಮೇಲೆ ಎಷ್ಟು ಬೇಕಾದರೂ ಮಾತಾಡಿ.

ಇಂತಿ ತಮ್ಮ ವಿಧೇಯ,
ಓದುಗನೊಬ್ಬ